ಮಂದಾ ಅವರು ಸೂಪರ್‌ಮಾರ್ಕೆಟ್ ಕೆಲಸಕ್ಕೆ ಹೋಗಬೇಕೆ, ಬೇಡವೆ ಎಂಬ ಕುರಿತು

ಮನೆ ಮತ್ತು ಅಂಗಡಿ ಆಡಳಿತ ವಿಭಾಗ, ಮಿರಜ
ಸಂಖ್ಯೆ: ಮ.ಅಂ.ಆ/ಅಡುಗೆಮನೆ/ನೌಕರಿ/೦೩
ದಿನಾಂಕ: ಬುಧವಾರ, ಎರಡನೆಯ ಚಹಾದ ನಂತರ

ಸುತ್ತೋಲೆ

ಉಲ್ಲೇಖ:
(ಅ) ಸೂಪರ್‌ಮಾರ್ಕೆಟ್ ಮ್ಯಾನೇಜರರ ದೂರವಾಣಿ ಕರೆ, ಎರಡು ಸಲ.
(ಆ) ಶ್ರೀ ಸತ್ಯಪ್ಪ ಅವರ ಮೌನ, ಶುಕ್ರವಾರದಿಂದ ಜಾರಿಯಲ್ಲಿದ್ದುದು.
(ಇ) ಶ್ರೀಮತಿ ನೀಲಗಂಗವ್ವ ಅವರು ಶೇಂಗಾ ತಿಂದ ಮೇಲೆ ಹೊರಡಿಸಿದ ಮೌಖಿಕ ಆದೇಶ.

ಪ್ರಸ್ತಾವನೆ:

ಸತ್ಯಪ್ಪ ಅವರು ತಂದೆಯ ಕಾಲದ ಕಿರಾಣಿ ಅಂಗಡಿ ನಡೆಸುತ್ತಿದ್ದು, ಪತ್ನಿ ಮಂದಾ ಅವರು ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ಕಾಳು ಆರಿಸಿ, ತೂಗಿ, ಪೊಟ್ಟಣ ಕಟ್ಟುತ್ತಿರುವುದು ಸರಿಯಷ್ಟೆ. ಸಾಂಗಲಿ ರಸ್ತೆಯಲ್ಲಿ ಕಡಿಮೆ ದರದ ಸೂಪರ್‌ಮಾರ್ಕೆಟ್ ತೆರೆದ ಮೇಲೆ, ಗಲ್ಲಿಯ ಗಿರಾಕಿಗಳು ಅಲ್ಲಿನ ಚೀಲವನ್ನು ಸೆರಗಿನಡಿ ಮುಚ್ಚಿಕೊಂಡು ಈ ಅಂಗಡಿಯ ಮುಂದೆಯೇ ಹಾಯ್ದುಹೋಗುವುದು ಗಮನಕ್ಕೆ ಬಂದಿತು. ಆದಕಾರಣ ಕಳೆದ ಶುಕ್ರವಾರ ಅಲ್ಲಿನ ದರಗಳನ್ನು ಗುಟ್ಟಾಗಿ ನೋಡಿಬರಲು ಮಂದಾ ಅವರನ್ನು ನಿಯೋಜಿಸಲಾಯಿತು.

ಮಂದಾ ಅವರು ದರ ನೋಡಲಿಲ್ಲ. ಮಡಕಿ ಕಾಳಿನಲ್ಲಿ ಹೆಸರುಕಾಳು ಬೆರೆತಿದ್ದನ್ನು ಕಂಡು ತಡೆಯಲಾರದೆ ಆರಿಸತೊಡಗಿದರು. ಪಕ್ಕದಲ್ಲಿದ್ದ ಹೆಂಗಸಿಗೆ “ಈ ಬ್ಯಾಳಿ ಒಯ್ಯಬ್ಯಾಡ್ರಿ, ಕುದಿಯೂದಿಲ್ಲ. ಆ ಕಡೀದು ತಗೋರಿ” ಎಂದರು. ಅರ್ಧ ತಾಸಿನಲ್ಲಿ ಸಲಹೆ ಕೇಳಲು ಏಳು ಜನ ಸಾಲು ನಿಂತರು. ಹೊರಹಾಕಲೆಂದು ಬಂದ ಮ್ಯಾನೇಜರ್ ಹರ್ಷದ ಅವರು ಸಾಲನ್ನು ನೋಡಿ, ಕೆಲಸಕ್ಕೆ ಬರುವಿರಾ ಎಂದು ಮರಾಠಿಯಲ್ಲಿ ಕೇಳಿದರು, ಹೆಸರನ್ನೂ ಕೇಳಿದರು. ಎಲ್ಲರಿಗೂ ಚಿಕ್ಕಮ್ಮನಂತೆ ‘ಅಂಗಡಿ ಕಾಕು’ ಆಗಿರುವ ಮಂದಾ ಅವರಿಗೆ ಹೆಸರು ಹೇಳಲು ಕೊಂಚ ಹೊತ್ತು ಹಿಡಿಯಿತೆಂದು ದಾಖಲಾಗಿದೆ.

ತದನಂತರದ ಕ್ರಮಗಳನ್ನು ಸಂಬಂಧಪಟ್ಟವರ ಗಮನಕ್ಕೆ ಈ ಕೆಳಗಿನಂತೆ ತರಲಾಗಿದೆ:

೧. ತೀರ್ಮಾನವಾಗುವವರೆಗೆ ಮನೆಯಲ್ಲಿ ‘ನೌಕರಿ’, ‘ಟ್ರಾಲಿ’, ‘ಒಂದಕ್ಕೊಂದು ಉಚಿತ’ ಎಂಬ ಪದಗಳನ್ನು ನಿಷೇಧಿಸಲಾಗಿತ್ತು. ಹೋಳಿಗೆ ಬಡಿಸುವಾಗ ಮಗಳು ಮೃಣಾಲ ಮೂರನೆಯ ಪದವನ್ನು ಬಳಸಿದ್ದರಿಂದ ಎರಡನೆಯ ಹೋಳಿಗೆಯನ್ನು ಹಿಂಪಡೆಯಲಾಯಿತು.

೨. ಸತ್ಯಪ್ಪ ಅವರು ಪತ್ನಿಗೆ ಹೇಳಬೇಕಾದುದನ್ನು ತಕ್ಕಡಿಗೆ ಹೇಳುತ್ತಿದ್ದರು. “ಚಾ ಆಗೇತೇನು?” ಎಂದು ತಕ್ಕಡಿಯನ್ನು ಕೇಳಿದಾಗಲೆಲ್ಲ ಚಹಾ ಬಂದಿರುವುದರಿಂದ ಸದರಿ ವ್ಯವಸ್ಥೆಯಲ್ಲಿ ಲೋಪ ಕಂಡುಬಂದಿಲ್ಲ.

೩. ವಿಷಯವನ್ನು ತೂಗಿ ನೋಡಬೇಕೆಂದು ಅತ್ತೆ ನೀಲಗಂಗವ್ವ ಅವರು ಸೂಚಿಸಿದ ಮೇರೆಗೆ, ಹೋಗಲು ಕಾರಣವೊಂದಕ್ಕೆ ಒಂದು ಶೇಂಗಾ, ಹೋಗದಿರಲು ಕಾರಣವೊಂದಕ್ಕೆ ಒಂದು ಬೆಲ್ಲದ ಹರಳು ಇಡಲಾಯಿತು. ತೂಗುವ ಮೊದಲೇ ಎರಡನ್ನೂ ಕೂಡಿಸಿ ನೀಲಗಂಗವ್ವ ಅವರು ತಿಂದುದರಿಂದ ಫಲಿತಾಂಶ ಲಭ್ಯವಿರುವುದಿಲ್ಲ.

೪. ಬಾಯಿ ಒರೆಸಿಕೊಂಡು ಅವರು ನೀಡಿದ ಆದೇಶ ಹೀಗಿದೆ: “ನಾ ಈ ಮನಿಗೆ ಬಂದಾಗಿಂದ ಅಂಗಡಿ ಹಿಂದಿನ ಬಾಗಲದಾಗ ಕುಂತೇನಿ. ನನ್ನ ಯಾರೂ ಕರೀಲಿಲ್ಲ. ಅಕಿನ್ನ ಕರದಾರ, ಹೋಗ್ಲಿ.” ಇದರ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

೫. ಆದಾಗ್ಯೂ ಮಂಗಳವಾರ ಸಂಜೆ ಸತ್ಯಪ್ಪ ಅವರು ತಕ್ಕಡಿಯ ನೆರವಿಲ್ಲದೆ ನೇರವಾಗಿ ಆಕ್ಷೇಪಣೆ ಸಲ್ಲಿಸಿದರು: “ನೀ ಅಲ್ಲಿ ನಿಂತ್ರ ನಮ್ಮ ಗಿರಾಕಿ ಎಲ್ಲಾ ಅಲ್ಲೇ ಹೋಗ್ತಾರ.”

“ಅವ್ರು ಆಗಲೇ ಹೋಗ್ಯಾರ್ರಿ,” ಎಂದು ಮಂದಾ ಉತ್ತರಿಸಿದರು. “ಇಲ್ಲಿ ನಾವಿಬ್ರ ಒಬ್ರ ಮಾರಿ ಒಬ್ರು ನೋಡ್ಕೋತ ಕುಂತೇವಿ.”

“ಅದಕ್ಕ ಹೇಳಾಕತ್ತೇನಿ. ನಾಳಿಂದ ನಾ ಒಬ್ಬನ ಕುಂದ್ರಬೇಕಲ್ಲ.”

ಮಂದಾ ಅವರು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, ಕತ್ತಲಾಗುವವರೆಗೆ ಗಂಡನ ಪಕ್ಕದಲ್ಲಿ ಕುಳಿತರು. ಈ ಅವಧಿಯಲ್ಲಿ ಒಬ್ಬ ಗಿರಾಕಿಯೂ ಬಾರದಿದ್ದುದನ್ನು ಇಬ್ಬರೂ ಗಮನಿಸಿದರು. ಕೊನೆಗೆ ಸತ್ಯಪ್ಪ ಅವರೇ “ಹೋಗು. ಆದ್ರ ಅಲ್ಲಿ ಕೆಟ್ಟ ಬ್ಯಾಳಿನ ಛಲೋ ಐತಿ ಅನ್ನಬ್ಯಾಡ” ಎಂದು ಷರತ್ತುಬದ್ಧ ಮಂಜೂರಾತಿ ನೀಡಿದರು.

೬. ಅದರಂತೆ ಮಂದಾ ಅವರು ಮಧ್ಯಾಹ್ನ ಎರಡರವರೆಗೆ ಅಲ್ಲಿ, ತದನಂತರ ಇಲ್ಲಿ ಸೇವೆ ಸಲ್ಲಿಸತಕ್ಕದ್ದು. ಗಲ್ಲಿಯವರು ಇನ್ನು ಮುಂದೆ ಚೀಲವನ್ನು ಬಹಿರಂಗವಾಗಿ ಒಯ್ಯಲು ಈ ಮೂಲಕ ಅನುಮತಿಸಲಾಗಿದೆ.

೭. ಇಂದು ಬೆಳಿಗ್ಗೆ ಸತ್ಯಪ್ಪ ಅವರು ಅಂಗಡಿಯ ಬಾಗಿಲು ಅರ್ಧ ಎಳೆದು, ಮಂದಾ ಅವರನ್ನು ಕಳಿಸಲು ರಿಕ್ಷಾ ನಿಲ್ದಾಣಕ್ಕೆ ಹೋದರು. ಮೊದಲ ರಿಕ್ಷಾವನ್ನು “ಭಾಳ ಮಂದಿ ಕುಂತಾರ” ಎಂದು ಬಿಡಲಾಯಿತು. ಎರಡನೆಯದನ್ನು “ಭಾಳ ಜೋರ ಹೊಡೀತಾನ” ಎಂದು ಬಿಡಲಾಯಿತು. ಮೂರನೆಯದು ಖಾಲಿಯಾಗಿಯೂ ನಿಧಾನವಾಗಿಯೂ ಬಂದುದರಿಂದ ಕಾರಣ ದೊರೆಯಲಿಲ್ಲ. ಮಂದಾ ಅವರು ಹತ್ತಿದರು.

ನೀಲಗಂಗವ್ವ ಅವರ ಅಪ್ಪಣೆಯ ಮೇರೆಗೆ,
(ಸಹಿ)
ಮೃಣಾಲ ಸತ್ಯಪ್ಪ
ಪ್ರಭಾರ ಕಾರ್ಯದರ್ಶಿ

ಪ್ರತಿಗಳು:
೧. ಶ್ರೀ ಹರ್ಷದ, ಮ್ಯಾನೇಜರ್: ಕನ್ನಡ ಬಾರದ ಕಾರಣ ಫೋನಿನಲ್ಲಿ ಮರಾಠಿಯಲ್ಲಿ ತಿಳಿಸಲಾಗಿದೆ.
೨. ಗಲ್ಲಿಯ ಸಮಸ್ತ ಮನೆಗಳು: ಈಗಾಗಲೇ ಗೊತ್ತಿರುವುದರಿಂದ ಖಾತ್ರಿಗಾಗಿ ಮಾತ್ರ.
೩. ಶ್ರೀ ಸತ್ಯಪ್ಪ: ಖುದ್ದಾಗಿ ಕೊಡಲು ಹೋದಾಗ ಅಂಗಡಿಯಲ್ಲಿ ಇರಲಿಲ್ಲ. ಇನ್ನೂ ರಿಕ್ಷಾ ನಿಲ್ದಾಣದಲ್ಲೇ ನಿಂತಿರುವುದಾಗಿ ತಿಳಿದುಬಂದಿದೆ.