ಚೆಂಡು ನೋಡದ ಭಾವ

ನಮ್ಮ ಭಾವ ಏಳು ವರ್ಷ ಅಮೆರಿಕನ್ ಫುಟ್‌ಬಾಲ್ ನೋಡಿದರು. ಚೆಂಡನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ! ಉತ್ಪ್ರೇಕ್ಷೆ ಅನ್ನುತ್ತೀರಾ? ಇರಬಹುದು. ಎಂಬತ್ತರ ದಶಕದ ನೆನಪು. ನಗಿಸಿದ ಸಂಗತಿಗಳು ವರ್ಷದಿಂದ ವರ್ಷಕ್ಕೆ ಉಬ್ಬುತ್ತವೆ.

ಆಗ ನಾನು ಅಮೆರಿಕದ ಹೇವರ್ಡ್‌ನಲ್ಲಿ ಓದುತ್ತಾ, ಅಕ್ಕ-ಭಾವನ ಅಪಾರ್ಟ್‌ಮೆಂಟಿನ ಸೋಫಾದ ಮೇಲೆ ಮಲಗುತ್ತಿದ್ದೆ. ಭಾವ ಉಡುಪಿಯವರು, ಸೇತುವೆ ಕಟ್ಟುವ ಇಂಜಿನಿಯರು. ಅವರ ಕಣ್ಣೆಲ್ಲ ಲೈನ್‌ಮನ್‌ಗಳ ಮೇಲೆ. ಕರೆಂಟು ಕಂಬ ಹತ್ತುವವರಲ್ಲ. ಚೆಂಡು ಎಸೆಯುವವನ ಮುಂದೆ ನಿಂತು, ಅವನ ಮೇಲೆ ಬೀಳಲು ಬರುವವರನ್ನು ತಡೆಯುವ ಐವರು ದಢೂತಿಗಳು. ನಮ್ಮ ತಂಡ ಗೆದ್ದು ಟೀವಿಯಲ್ಲಿ ಸ್ಟೇಡಿಯಂ ಪೂರ್ತಿ ಕುಣಿಯುತ್ತಿದ್ದರೂ ಭಾವನ ಮುಖ ಗಂಟು. “ಗೆದ್ದದ್ದು ಸರಿ ಮಾರಾಯ, ಆ ಎಡಬದಿಯವ ಮೊಣಕಾಲು ಬಗ್ಗಿಸಿದನಾ? ಇಲ್ಲ! ಇವನನ್ನು ನಂಬಿ ಹಿಂದೆ ನಿಲ್ಲುದು ಹೇಗೆ?”

ಈ ವಿಮರ್ಶೆಯೆಲ್ಲ ಪಿಸುಮಾತಿನಲ್ಲೇ ನಡೆಯಬೇಕಿತ್ತು. ಊರಿನಲ್ಲಿ ಆರು ವರ್ಷ ಡಾಕ್ಟರಾಗಿದ್ದ ಅಕ್ಕ, ಇಲ್ಲಿ ರೋಗಿಯ ನಾಡಿ ಮುಟ್ಟಬೇಕಾದರೆ ಮತ್ತೆ ಪರೀಕ್ಷೆ ಬರೆಯಬೇಕಿತ್ತು. ಎರಡು ಸಲ ಫೇಲಾಗಿ, ಮೂರನೆಯದಕ್ಕೆ ಒಳಕೋಣೆಯಲ್ಲಿ ಓದುತ್ತಿದ್ದಳು. ಆದ್ದರಿಂದ ಟೀವಿಯ ಸದ್ದು ಬಂದ್. ಹತ್ತಿರದ ಲಿವರ್‌ಮೋರ್ ಊರಿನಿಂದ ಆಟ ನೋಡಲು ಬರುತ್ತಿದ್ದ ಭಾವನ ಇಬ್ಬರು ಗೆಳೆಯರಿಗೆ ಖುಷಿ ತಡೆಯದಾದರೆ ಕಿರುಚಲು ಒಂದು ದಿಂಬು. ಸರದಿಯ ಮೇಲೆ ಮುಖ ಒತ್ತಿಕೊಳ್ಳಬೇಕು!

ಒಮ್ಮೆ ಭಾವ ಲುಂಗಿ ಮೇಲೆತ್ತಿ ಕಟ್ಟಿ, ತಡೆಯುವುದು ಹೇಗೆಂದು ತೋರಿಸಲು ನಿಂತರು. ನಾನು ಅಡುಗೆಮನೆಯಿಂದ ನುಗ್ಗಬೇಕು. ನುಗ್ಗಿದೆ. ಮರುಕ್ಷಣ ಚಪ್ಪಲಿಗಳ ನಡುವೆ ಬಿದ್ದಿದ್ದೆ.

“ರೀ, ಏನದು ಸದ್ದು?” ಒಳಗಿನಿಂದ ಅಕ್ಕ.

“ಏನಿಲ್ಲ, ನಿನ್ನ ತಮ್ಮ. ನೀನು ಓದು.”

ಭಾವನಿಗೆ ಹುಚ್ಚು ಎಂದು ನನ್ನ ಆ ದಿನದ ಡೈರಿಯಲ್ಲಿದೆ. ಬರೆದವನಿಗೆ ಇಪ್ಪತ್ತಮೂರು ವರ್ಷ. ಅವನನ್ನು ಎಷ್ಟು ನಂಬಬೇಕೋ ತಿಳಿಯದು.

ಪರೀಕ್ಷೆಗೆ ಮೂರು ದಿನ ಉಳಿದಿದ್ದ ಭಾನುವಾರ, ಆಟದ ಕೊನೆಯ ನಿಮಿಷ. ಗೆಲುವೋ ಸೋಲೋ ಇನ್ನೊಂದೇ ಎಸೆತ. ಕೋಣೆಯ ಬಾಗಿಲು ತೆರೆಯಿತು. ಅಕ್ಕನ ಕೈಯಲ್ಲಿ ದಪ್ಪ ಪುಸ್ತಕ.

“ನಾನು ಈ ಸಲ ಪರೀಕ್ಷೆಗೆ ಕೂರೋದಿಲ್ಲ ರೀ. ಓದಿದ್ದೆಲ್ಲ ಮರೆತುಹೋಗ್ತಿದೆ. ಎಲ್ಲರ ಮುಂದೆ ಮತ್ತೆ ಫೇಲ್ ಆಗೋಕೆ ನನ್ನ ಕೈಲಾಗಲ್ಲ.”

ಭಾವ ಎದ್ದು ಟೀವಿ ಆರಿಸಿಬಿಟ್ಟರು! ಗೆಳೆಯರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಭಾವ ಪುಸ್ತಕ ತೆಗೆದುಕೊಂಡು ನೆಲದ ಮೇಲೆ ಕೂತರು. “ಕೂತ್ಕೋ. ನಾನು ಕೇಳ್ತೇನೆ, ನೀನು ಹೇಳು. ಮೊದಲು ಕಿಡ್ನಿ.”

ಕೇಳಿದರು. ಅಕ್ಕ ಹೇಳಿದಳು, ಮೊದಲು ತಡವರಿಸುತ್ತಾ, ಆಮೇಲೆ ಸರಾಗವಾಗಿ. ಒಂದೆರಡು ಕಡೆ ಅವಳು ತಪ್ಪಿದಾಗ ಭಾವನೇ ತಿದ್ದಿದರು. ಆ ರೋಗಗಳ ಹೆಸರುಗಳು ಉಡುಪಿಯ ರಾಗದಲ್ಲಿ ದೇವರ ಹೆಸರುಗಳಂತೆ ಕೇಳಿಸಿದವು. ಹತ್ತು ಪ್ರಶ್ನೆ, ಹದಿನೈದು ಪ್ರಶ್ನೆ. ಆಗ ನನ್ನ ಕಣ್ಣಿಗೆ ಬಿತ್ತು: ಪುಸ್ತಕ ಅವರ ತೊಡೆಯ ಮೇಲೆ ಮುಚ್ಚಿಯೇ ಇತ್ತು. ಇದನ್ನು ನಾನು ಕಲ್ಪಿಸಿಕೊಂಡಿಲ್ಲ; ಅಕ್ಕನೂ ನೋಡಿದಳು.

“ಇದನ್ನೆಲ್ಲ ಯಾವಾಗ ಓದಿದ್ರಿ?”

“ಆಫೀಸಿನಲ್ಲಿ, ಊಟದ ಹೊತ್ತಿಗೆ. ಅದಿರಲಿ ಮಾರಾಯ್ತಿ, ಇನ್ನು ಲಿವರು ಉಂಟು.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಕಾಲು ಮಡಚಿ ಸರಿಯಾಗಿ ಕೂತಳು. “ಕೇಳಿ,” ಅಂದಳು.