ಸುಬ್ರಮಣಿಯ ಕಪ್ಪು ಟೀ ಶರ್ಟು

ಸುಬ್ರಮಣಿಯ ಫಜೀತಿಗೆಲ್ಲ ಕಾರಣ ಒಂದು ಕಪ್ಪು ಟೀ ಶರ್ಟು.

ಹೆವಿ ಮೆಟಲ್ ಅಂದರೆ ಜೀವ ಬಿಡುವ ಈತ ಇಪ್ಪತ್ತು ವರ್ಷ ಅದನ್ನು ಇಯರ್‌ಫೋನಿನಲ್ಲೇ ಕೇಳಿದ್ದ. ಟಿ. ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ ಬೇರೆ ದಾರಿ ಇರಲಿಲ್ಲ. ಕೆಳಗಡೆ ಮಾಲೀಕ ಮುನಿಕೃಷ್ಣಪ್ಪನವರಿದ್ದರು. ಅವರಿಗೆ ಕುಕ್ಕರ್ ಕೂಗಿದರೂ ಸಿಟ್ಟು. ಬೆಂಗಳೂರಿಗೆ ಬ್ಯಾಂಡುಗಳು ಬಂದಾಗೆಲ್ಲ ಕಾರ್ಖಾನೆಯಲ್ಲಿ ರಜೆ ಸಿಗುತ್ತಿರಲಿಲ್ಲ. ಈಗ ಅವನ ಮೆಚ್ಚಿನ ಬ್ಯಾಂಡು ತುಮಕೂರಿಗೇ ಬರುತ್ತಿತ್ತು, ಅದೂ ಭಾನುವಾರ. ಜನ್ಮದಲ್ಲಿ ಒಂದು ಸಲ ಪೂರ್ತಿ ಕಛೇರಿ ಕಣ್ಣಾರೆ ನೋಡಬೇಕು, ಅಷ್ಟೇ ಅವನ ಆಸೆ.

ವಾರದ ಗಡ್ಡ, ಕಪ್ಪು ಪ್ಯಾಂಟು, ಕಪ್ಪು ಟೀ ಶರ್ಟು. ಎದೆಯ ಮೇಲಿನ ತಲೆಬುರುಡೆ ಮಾಲೀಕರ ಕಣ್ಣಿಗೆ ಬೀಳದಿರಲೆಂದು ಅದನ್ನು ತಿರುವುಮುರುವು ಹಾಕಿಕೊಂಡಿದ್ದ. ಶೂ ಕೆಳಗಿನ ಸ್ಟ್ಯಾಂಡಿನಲ್ಲಿದ್ದುದರಿಂದ ಬರಿಗಾಲಲ್ಲೇ ಮೆಟ್ಟಿಲಿಳಿದ. ಡಿಸೆಂಬರ್ ತಿಂಗಳು. ನೀರಿನ ಮೋಟಾರು ಬಿಟ್ಟು ಬೇರೆ ಮಾತೇ ಆಡದ ಮುನಿಕೃಷ್ಣಪ್ಪ ಅವನನ್ನು ನೋಡಿದವರೇ ಕುರ್ಚಿಯಿಂದ ಎದ್ದು ಕೈ ಮುಗಿದರು.

“ಸ್ವಾಮಿ ಶರಣಂ. ನೀವು ಅಯ್ಯಪ್ಪನ ವ್ರತ ಇಡ್ದಿರೋದು ಗೊತ್ತೇ ಆಗ್ಲಿಲ್ವಲ್ಲ. ಮಾಲೆ ಎಲ್ಲಿ ಸ್ವಾಮಿ?”

ಮಾಲೀಕರು ತನಗಾಗಿ ಎದ್ದು ನಿಂತದ್ದೇ ಸುಬ್ರಮಣಿಯ ಬುದ್ಧಿ ಕೆಡಿಸಿತು. “ಮಾಲೆ... ಇವತ್ತು ತುಮಕೂರಲ್ಲಿ ಹಾಕಿಸ್ಕೋತೀನಿ ಯಜಮಾನ್ರೇ. ಅಲ್ಲೊಬ್ರು ಗುರುಸ್ವಾಮಿ ಇದಾರೆ.”

“ಅವರನ್ನ ನಾನೂ ನೋಡ್ದಂಗಾಯ್ತು. ನಡೀರಿ, ನಮ್ ಕಾರಲ್ಲೇ ಓಗಾಣ. ಶೂ ಅಲ್ಲೇ ಇರ್ಲಿ.”

ಮಾಕಳಿಯಲ್ಲಿ ಒಂದು ಮನೆಯ ಮುಂದೆ ಕಾರು ನಿಂತಿತು. ಮುನಿಕೃಷ್ಣಪ್ಪನವರ ಅಕ್ಕ, ನೆಟ್ಟಗೆ ನಿಲ್ಲಲಾಗದ ಮುದುಕಿ, ಹೊರಗೆ ಬಂದು ಸುಬ್ರಮಣಿಯ ಕಾಲಿಗೆ ಬಿದ್ದರು. ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ವಾಸನೆಗೆ ಹೊಟ್ಟೆ ಕೂಗಿತು. “ವ್ರತದಲ್ಲಿರೋರು ಓಟ್ಲಲ್ಲಿ ತಿನ್ನಂಗಿಲ್ಲ,” ಎಂದು ಹೇಳಿ ಮುನಿಕೃಷ್ಣಪ್ಪ ತಾವೊಬ್ಬರೇ ಎರಡು ಪ್ಲೇಟು ಮುಗಿಸಿದರು.

ಗುರುಸ್ವಾಮಿ ಸಿಗೋದು ಇಲ್ಲೇ ಎಂದು ಸುಬ್ರಮಣಿ ಕಾರು ನಿಲ್ಲಿಸಿದ ತುಮಕೂರಿನ ಮೈದಾನದ ಗೇಟಿನಲ್ಲಿ ಕಪ್ಪು ಬಟ್ಟೆ, ಗಡ್ಡ, ಉದ್ದ ಕೂದಲಿನ ಹುಡುಗರ ಜಾತ್ರೆಯೇ ನೆರೆದಿತ್ತು.

“ಇಷ್ಟೊಂದು ಜನ ಸ್ವಾಮಿಗಳಾ,” ಎಂದು ಮುನಿಕೃಷ್ಣಪ್ಪ ಬೆರಗಾದರು. “ಟಿಕೆಟ್ ಬೇರೆ ಮಡಗವ್ರೆ. ಈಗ ದೇವರತ್ರಾನೂ ಅಂಗೇ ಆಗೋಯ್ತು ಬಿಡಿ.” ತಾವೂ ಒಂದು ಕೊಂಡರು.

ಹೊತ್ತಿಳಿಯುವಾಗ ನಾಲ್ವರು ವೇದಿಕೆಗೆ ಬಂದರು. ಡ್ರಮ್ಮಿನ ಮೊದಲ ಹೊಡೆತ ಸುಬ್ರಮಣಿಯ ಬರಿಗಾಲಿನಿಂದ ಹತ್ತಿ ಎದೆಯಲ್ಲಿ ಸಿಡಿಯಿತು. ಇಷ್ಟು ವರ್ಷ ಕೇಳಿದ್ದ ಹಾಡೇ, ಆದರೆ ಅದು ಇಷ್ಟು ದೊಡ್ಡದೆಂದು ಅವನಿಗೆ ಗೊತ್ತೇ ಇರಲಿಲ್ಲ. ಲೋಟದ ನೀರು ಕುಡಿದು ಬೆಳೆದವನನ್ನು ಸಮುದ್ರದ ಮುಂದೆ ನಿಲ್ಲಿಸಿದಂತಾಯಿತು. ಗಿಟಾರು ಗುಡುಗಿತು. ಸಾವಿರ ತಲೆಗಳು ಒಟ್ಟಿಗೆ ಬಾಗಿ ಒಟ್ಟಿಗೆ ಎದ್ದವು. ಆಮೇಲೆ ಎಲ್ಲ ನಿಂತು ಒಂದೇ ತಂತಿ ಸಣ್ಣಗೆ ಮಿಡಿದಾಗ ಅವನ ಕಣ್ಣು ತುಂಬಿ ಬಂತು. ದೇವರಾಣೆ, ಅವನು ಇಂಥ ಸುಖ ಕಂಡಿರಲಿಲ್ಲ.

“ಇದು ಭಜನೆ ಅಲ್ಲ, ಅಲ್ವಾ?” ಮುನಿಕೃಷ್ಣಪ್ಪ ಕಿವಿಯಲ್ಲಿ ಕೇಳಿದರು.

ಸುಬ್ರಮಣಿ ಅಲ್ಲವೆಂದು ತಲೆಯಾಡಿಸಿ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಅವರು ಬಾಯಿ ತೆರೆದುಕೊಂಡು ಡ್ರಮ್ಮಿನವನನ್ನೇ ನೋಡುತ್ತಿದ್ದರು.

ಎರಡನೇ ಹಾಡಿನ ನಡುವೆ ಜನರೇಟರು ಕೈಕೊಟ್ಟಿತು. ಎಷ್ಟು ಹೊತ್ತು ಕಾದರೂ ಸರಿಹೋಗಲಿಲ್ಲ. ಕೊನೆಗೆ ಕಾರ್ಯಕ್ರಮ ರದ್ದು ಎಂದು ಕೂಗಿದರು. ಸುಬ್ರಮಣಿ ಹುಲ್ಲಿನ ಮೇಲೆ ಕುಸಿದು ಕೂತ. ಮುನಿಕೃಷ್ಣಪ್ಪ ವೇದಿಕೆಯ ಹಿಂದೆ ಹೋದವರು ನಗುತ್ತಾ ವಾಪಸು ಬಂದರು.

“ಮಾತಾಡ್ದೆ. ಸಂಕ್ರಾಂತಿಗೆ ಮುಂಚಿನ ಭಾನ್ವಾರ ಪುಟ್ಟೇನಹಳ್ಳೀಲಿ ನಮ್ ಖಾಲಿ ಜಾಗದಲ್ಲಿ ಇವರ್ದೇ ಪ್ರೋಗ್ರಾಮು. ಪೂರ್ತಿ ಆಡ್ತಾರೆ. ಎದೆ ಇಂಗೆ ಅದುರಿ ಎಷ್ಟ್ ವರ್ಷ ಆಗಿತ್ತು.”

ಸುಬ್ರಮಣಿಗೆ ಅವರ ಕಾಲು ಹಿಡಿಯೋಣ ಅನ್ನಿಸಿತು. “ಯಜಮಾನ್ರೇ, ನಾನು ಸುಳ್ಳು ಹೇಳ್ದೆ. ನಂಗೆ ಯಾವ ವ್ರತಾನೂ ಇಲ್ಲ. ಕ್ಷಮಿಸ್ಬಿಡಿ.”

“ಗೊತ್ತಾಯ್ತು ಬಿಡಿ,” ಎಂದರು ಮುನಿಕೃಷ್ಣಪ್ಪ ಸಮಾಧಾನದಿಂದ. “ಆದ್ರೆ ನಮ್ಮಕ್ಕ ನಿಮ್ ಕಾಲಿಗೆ ಬಿದ್ದವ್ಳೆ. ಆ ನಮಸ್ಕಾರ ಸುಳ್ಳಾಗ್ಬಾರ್ದು. ನಾನೇ ಅದಿನೆಂಟು ಸಲ ಬೆಟ್ಟ ಅತ್ತಿರೋ ಗುರುಸ್ವಾಮಿ. ನಾಳೆ ಬೆಳಿಗ್ಗೆ ನಿಮಗೆ ಮಾಲೆ ಆಕ್ತೀನಿ. ಸಂಕ್ರಾಂತಿಗಂಟ ವ್ರತ.”

“ಹಾಗಾದ್ರೆ... ಆ ಭಾನುವಾರ?”

“ವ್ರತದಲ್ಲಿರೋರು ಅಂಥ ಕಡೆ ಬರಂಗಿಲ್ಲ ಸ್ವಾಮಿ. ನೀವು ಮನೇಲಿ ದೀಪ ನೋಡ್ಕೊಳಿ. ಎಂಗಿತ್ತು ಅಂತ ನಾನು ಬಂದು ಯೋಳ್ತೀನಿ.”