ರೋನ್ ನದಿಯಲ್ಲಿ ಸಿಕ್ಕ ತೀರ್ಥ

ಮನುಷ್ಯ ಎಷ್ಟೇ ಓದಿಕೊಂಡಿರಲಿ, ಆ ವಿದ್ಯೆಯ ಸುದ್ದಿ ಅವನ ಕೈಗೆ ಮಾತ್ರ ತಲುಪಿರುವುದಿಲ್ಲ ಎಂಬುದು ನನಗೆ ಈಚೆಗೆ ಮನವರಿಕೆಯಾಗಿದೆ. ಮನೆ ಬದಲಾಯಿಸಿ ವರ್ಷವಾದರೂ ನನ್ನ ಕೈ ಕತ್ತಲೆಯಲ್ಲಿ ಹಳೆಯ ಮನೆಯ ಸ್ವಿಚ್ಚನ್ನೇ ತಡಕಾಡುತ್ತದೆ. ಅಮೆರಿಕದಿಂದ ಮೈಸೂರಿಗೆ ಹೋದಾಗಲೆಲ್ಲ ಟ್ಯಾಕ್ಸಿಯ ಬಲಬಾಗಿಲು ತೆಗೆದು ಡ್ರೈವರನ ತೊಡೆಯ ಮೇಲೆ ಕೂರಲು ಹೋಗುತ್ತೇನೆ. ಇದನ್ನೆಲ್ಲ ನಕ್ಕು ಮರೆಯಬಹುದು. ಆದರೆ ಇದೇ ಕೈ ಫ್ರಾನ್ಸಿನವರೆಗೆ ಬಂದು ನನ್ನ ಮಾನ ತೆಗೆಯುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ವಾರದ ದಿನಗಳಲ್ಲಿ ನಾನು ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರುಗಳಿಗೆ ಬ್ರೇಕ್ ಡಿಸೈನ್ ಮಾಡುವ ಎಂಜಿನಿಯರು. ಶನಿವಾರ, ಭಾನುವಾರ ಪುರೋಹಿತ. ಇದು ನಾನು ಬಯಸಿ ಪಡೆದದ್ದಲ್ಲ. ಒಂದು ಯುಗಾದಿಗೆ ನಮ್ಮ ಕನ್ನಡ ಕೂಟಕ್ಕೆ ಬರಬೇಕಿದ್ದ ಪುರೋಹಿತರು ಹಿಮದಲ್ಲಿ ಸಿಕ್ಕಿಹಾಕಿಕೊಂಡರು. ತಾತನಿಂದ ನಾಲ್ಕು ಮಂತ್ರ ಕಲಿತಿದ್ದ ನಾನು ಎದ್ದು ನಿಂತೆ. ಆಮೇಲೆ ಕೂರಲು ಯಾರೂ ಬಿಡಲಿಲ್ಲ. ಈಗ ಡೆಟ್ರಾಯಿಟಿನಿಂದ ಶಿಕಾಗೊವರೆಗೆ ನನ್ನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು 'ಭಟ್ರು'. ಪದವಿ ಬಂದ ಮೇಲೆ ಗತ್ತು ಬರದೆ ಇರುತ್ತದೆಯೇ? ವಾರವಿಡೀ ಕಾರಿಗೆ ಹಾಕುವ ಬ್ರೇಕನ್ನು ವಾರಾಂತ್ಯದಲ್ಲಿ ಜನರಿಗೆ ಹಾಕತೊಡಗಿದೆ. ಶಿಕಾಗೊ ಹತ್ತಿರದ ಇಟಾಸ್ಕಾದಲ್ಲಿರುವ ಹುಬ್ಬಳ್ಳಿಯ ಈರಣ್ಣನ ಗೃಹಪ್ರವೇಶಕ್ಕೆ ಹೋದಾಗ ಅವನ ಬೇಸ್‌ಮೆಂಟಿನಲ್ಲಿ ಝಗಮಗಿಸುವ ಬಾರ್ ಕಣ್ಣಿಗೆ ಬಿತ್ತು. ಮದ್ಯಪಾನದ ದೋಷಗಳ ಮೇಲೆ ಊಟ ಆರುವಷ್ಟು ಹೊತ್ತು ಉಪನ್ಯಾಸ ಕೊಟ್ಟು, ಆ ಬಾರ್ ಮೇಲೆ ಬೆಡ್‌ಶೀಟ್ ಹೊದಿಸಿದ ಮೇಲೆಯೇ ಹಾಲು ಉಕ್ಕಿಸಿದೆ. ಈರಣ್ಣ ಸಾಧು ಪ್ರಾಣಿ. ಅಂದಿನಿಂದ ಆ ಬೆಡ್‌ಶೀಟ್ ತೆಗೆದಿರಲಿಲ್ಲವಂತೆ.

ಹೀಗಿರುವಾಗ ಶಿಕಾಗೊದಲ್ಲಿ ಕೆಲಸ ಮಾಡುವ ನಮ್ಮ ಮಗಳು ಮೇಘನಾ, ನಮ್ಮ ಮದುವೆಗೆ ಮೂವತ್ತು ವರ್ಷ ತುಂಬಿತೆಂದು ಫ್ರಾನ್ಸಿನ ರೋನ್ ನದಿಯಲ್ಲಿ ಒಂದು ವಾರದ ಹಡಗು ಪ್ರವಾಸ ಬುಕ್ ಮಾಡಿಬಿಟ್ಟಳು. ಅವಳು ಕಳಿಸಿದ ವಿವರಗಳಲ್ಲಿ ನಾನು ಓದಿದ್ದು 'ಸಸ್ಯಾಹಾರ ಲಭ್ಯ' ಎಂಬ ಒಂದು ಸಾಲು ಮಾತ್ರ. ಇದು ವೈನ್ ಸೀಮೆಯ ಪ್ರವಾಸ, ದಿನಕ್ಕೊಂದು ದ್ರಾಕ್ಷಿ ತೋಟ, ದಿನಕ್ಕೊಂದು ರುಚಿ ನೋಡುವ ಕಾರ್ಯಕ್ರಮ ಎಂದು ತಿಳಿದದ್ದು ವಿಮಾನ ನಿಲ್ದಾಣದಲ್ಲಿ. ತಕ್ಷಣ ಮಗಳಿಗೆ ಫೋನ್ ಮಾಡಿದೆ. "ಡ್ಯಾಡ್, ರಿಲ್ಯಾಕ್ಸ್! ಇಟ್ಸ್ ಓನ್ಲಿ ಗ್ರೇಪ್ಸ್!" ಎಂದು ನಕ್ಕಳು. ಹಿಂತಿರುಗಿ ಹೋಗೋಣವೇ ಎಂಬಂತೆ ಹೆಂಡತಿ ಶೈಲಾಳ ಮುಖ ನೋಡಿದೆ. "ನೋಡಿ, ಇಷ್ಟು ವರ್ಷ ನೀವು ಹೋದ್ಹೋದ ಮನೇಲೆಲ್ಲ ಪೂಜೆಗೆ ಹೂವು ಬಿಡಿಸ್ತಾ ಕೂತಿದೀನಿ. ಈ ಒಂದು ವಾರ ನೀವು ಭಟ್ರಲ್ಲ, ನಾನು ಭಟ್ರ ಹೆಂಡ್ತಿ ಅಲ್ಲ. ಕೆಡಿಸಬೇಡಿ," ಎಂದಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ, ಆಸೆ ಇತ್ತು. ನನಗೆ ಪಿಚ್ಚೆನಿಸಿತು. ಆಯಿತು, ಅವಳ ಸಂತೋಷಕ್ಕೆ ಬರುತ್ತೇನೆ, ಒಂದು ಹನಿಯನ್ನೂ ಮುಟ್ಟುವುದಿಲ್ಲ, ಹೋದ ಹಾಗೆಯೇ ಮಡಿಯಾಗಿ ಮುಂದಿನ ವಾರದ ಪೂಜೆಗೆ ವಾಪಸಾಗುತ್ತೇನೆ ಎಂದು ಮನಸ್ಸಿನಲ್ಲೇ ಸಂಕಲ್ಪ ಮಾಡಿಕೊಂಡೆ.

ಲಿಯಾನ್ ಊರಿನಲ್ಲಿ ಹಡಗು ಹತ್ತಿ, ಇನ್ನೂ ಪೆಟ್ಟಿಗೆ ಕೆಳಗಿಟ್ಟಿಲ್ಲ, ಹಿಂದಿನಿಂದ ಒಂದು ದನಿ. "ಏನ್ರೀ ಭಟ್ರ! ನೀವೂ ಇಲ್ಲೇ ಬಂದೀರೇನು? ನನಗ ನಂಬಾಕ ಆಗವಲ್ದು ನೋಡ್ರಿ!" ತಿರುಗಿದರೆ ಈರಣ್ಣ, ಹೂವಿನ ಚಿತ್ತಾರದ ಅಂಗಿಯಲ್ಲಿ! ಇಷ್ಟು ದೊಡ್ಡ ಭೂಮಂಡಲದಲ್ಲಿ ಅವನಿಗೆ ಬೇರೆ ನದಿಯೇ ಸಿಗಲಿಲ್ಲವೇ? ನಾನು ಗ್ಲಾಸು ಹಿಡಿದ ಒಂದು ಫೋಟೊ ಇವನ ಫೋನಿನಿಂದ ಹೊರಟರೆ ಸಾಕು, ನಾನು ಮನೆ ಸೇರುವ ಮೊದಲೇ ಅದು ಎರಡೂ ಊರಿನ ಕನ್ನಡಿಗರ ಮನೆ ಸೇರುತ್ತದೆ. ಆಮೇಲೆ ನನ್ನ ಮಾತಿಗೆ ಬೆಡ್‌ಶೀಟ್ ಇರಲಿ, ಕರವಸ್ತ್ರ ಹೊದಿಸುವವರೂ ಇರುವುದಿಲ್ಲ.

ಮಾರನೆಯ ದಿನ ನದಿಯ ದಂಡೆಯಲ್ಲೇ ಇದ್ದ ಒಂದು ಹಳೆಯ ತೋಟಕ್ಕೆ ಕರೆದೊಯ್ದರು. ಗುಡ್ಡಕ್ಕೆ ಮೆಟ್ಟಿಲು ಕೊರೆದ ಹಾಗೆ ದ್ರಾಕ್ಷಿಯ ಸಾಲು. ತೋಟದ ಯಜಮಾನಿ, ಬಿಳಿಗೂದಲಿನ ಅಜ್ಜಿ, ನಮ್ಮನ್ನು ನೆಲಮಾಳಿಗೆಗೆ ಇಳಿಸಿದಳು. ಇಲ್ಲಿ ನಿಮ್ಮ ಸಹಾನುಭೂತಿ ಬೇಕು, ಸ್ವಲ್ಪ ಕಲ್ಪಿಸಿಕೊಳ್ಳಿ. ಕಲ್ಲಿನ ನೆಲ, ಕಲ್ಲಿನ ಗೋಡೆ, ತಣ್ಣನೆಯ ಗಾಳಿ, ಮಂದ ದೀಪ. ಜನ ಪಿಸುಮಾತಿನಲ್ಲಿ ಸಾಲಾಗಿ ನಿಂತಿದ್ದಾರೆ. ಅಜ್ಜಿ ಉದ್ದನೆಯ ಗಾಜಿನ ನಳಿಗೆಯನ್ನು ಪೀಪಾಯಿಯೊಳಗೆ ಇಳಿಸಿ, ಒಬ್ಬೊಬ್ಬರಿಗೂ ಒಂದಿಷ್ಟೇ ಬಿಡುತ್ತಾ ಗಂಭೀರವಾಗಿ ಬರುತ್ತಿದ್ದಾಳೆ. ಗ್ಲಾಸು ಬೇಡವೆಂದು ಬರಿಗೈಯಲ್ಲಿ ನಿಂತಿದ್ದ ನಾನು ಎಲ್ಲಿದ್ದೇನೆಂಬುದನ್ನೇ ಮರೆತೆ. ನನ್ನ ಸರದಿ ಬಂದಾಗ ತಲೆ ತಾನಾಗಿ ಬಾಗಿತು, ಬಲಗೈ ಗುಳಿಯಾಗಿ ಮುಂದೆ ಹೋಯಿತು, ಎಡಗೈ ಅದಕ್ಕೆ ಆಸರೆ ಕೊಟ್ಟಿತು. ಅಜ್ಜಿ ಒಂದು ಕ್ಷಣ ತಡೆದಳು. ಆಮೇಲೆ, ಅತಿಥಿಯ ಪದ್ಧತಿ ಇರಬಹುದೆಂದು ಅಂಗೈಗೆ ಬಿಟ್ಟಳು. ನಾನು ಮಂತ್ರ ಗೊಣಗಿ, ಸೊರ್ರೆಂದು ಹೀರಿ, ಉಳಿದದ್ದನ್ನು ನೆತ್ತಿಗೆ ಸವರಿಕೊಂಡೆ.

ಮೂಗಿಗೆ ವಾಸನೆ ಹೊಡೆದಾಗಲೇ ನನಗೆ ಎಚ್ಚರವಾದದ್ದು. ಅಯ್ಯೋ ರಾಮ! ಅಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ ಅಮೆರಿಕನ್ ದಂಪತಿ, ಇದೇ ಸರಿಯಾದ ಕ್ರಮವಿರಬೇಕೆಂದು ಗ್ಲಾಸು ಬದಿಗಿಟ್ಟು ಅಂಗೈ ಚಾಚಿದರು. ಗಂಡನಿಗೆ ನೆತ್ತಿಯಲ್ಲಿ ಕೂದಲಿರಲಿಲ್ಲ, ಕೆಂಪು ವೈನು ಹಣೆಯ ಮೇಲೆ ಇಳಿಯಿತು. ಈರಣ್ಣ ಗೋಡೆ ಹಿಡಿದುಕೊಂಡು ನಗುತ್ತಿದ್ದ. ನಾನು ಅವನ ತೋಳು ಹಿಡಿದು ಮೂಲೆಗೆ ಎಳೆದೆ. "ನಾ ಬಾಯಿ ಬಿಡೂದಿಲ್ರೀ ಭಟ್ರ, ಆಣಿ ಮಾಡ್ತೀನಿ. ಆದ್ರ ನಮ್ಮ ಬೇಸ್‌ಮೆಂಟಿನ ಬೆಡ್‌ಶೀಟ್ ತಗದುಬಿಡ್ಲೇನು?" ಎಂದ. "ತೆಗೀರಿ ಮಾರಾಯ್ರೆ, ಇವತ್ತೇ ಫೋನ್ ಮಾಡಿ ತೆಗೆಸಿ!" ಎಂದೆ.

ಇತ್ತ ಶೈಲಾ ಗ್ಲಾಸನ್ನು ಮೆಲ್ಲಗೆ ತಿರುಗಿಸಿ, ಮೂಸಿ, ಒಂದು ಗುಟುಕು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. "ಕೊನೇಲಿ ಒಂಚೂರು ಕರಿಮೆಣಸಿನ ಘಾಟು ಬರುತ್ತಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ್ದೇ ತಡ, ಅಜ್ಜಿ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ಈ ದ್ರಾಕ್ಷಿಯ ಗುಣವೇ ಅದಂತೆ, ನೂರರಲ್ಲಿ ಒಬ್ಬರಿಗೂ ಸಿಗುವುದಿಲ್ಲವಂತೆ. ಸಾರಿನ ಪುಡಿ ಹುರಿಯುವಾಗ ಮೆಣಸು ಒಂದು ಕ್ಷಣ ಹೆಚ್ಚು ಹುರಿದರೂ ಮಹಡಿಯಿಂದಲೇ ಕಂಡುಹಿಡಿಯುವ ಮೂಗು ಅದು. ಅದನ್ನು ನಾನು ಈವರೆಗೆ ಒಮ್ಮೆಯೂ ಹೊಗಳಿರಲಿಲ್ಲ. ಅವಳ ಮುಖದಲ್ಲಿದ್ದ ಬೆಳಕು ನೋಡಿ ನನಗೆ ನಿಜಕ್ಕೂ ಹೆಮ್ಮೆಯಾಯಿತು, ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಉಳಿದ ದಿನಗಳಲ್ಲಿ ಅವಳೇ ಗುರು. ಮೂಸಿದರೆ ಕುಡಿದಂತೆ ಆಗುವುದಿಲ್ಲವೆಂದು ಮೊದಲು ಮೂಸಿದೆ. ಬಾಯಲ್ಲಿ ಮುಕ್ಕಳಿಸಿ, ಅವರೇ ಇಟ್ಟಿದ್ದ ಬಕೆಟ್ಟಿಗೆ ಉಗುಳಿಬಿಟ್ಟರೆ ಒಳಗೆ ಹೋದಂತಾಯಿತೇ? ಇಲ್ಲವಲ್ಲ. ಎಂಜಿನಿಯರ್ ಆದವನಿಗೆ ಇಷ್ಟು ತರ್ಕ ಕಷ್ಟವೇ? ತಿರುಗಿಸು, ಮೂಸು, ಮುಕ್ಕಳಿಸು, ಉಗುಳು. ಪ್ರವಾಸ ಮುಗಿಯುವ ಹೊತ್ತಿಗೆ ನನ್ನ ಶೈಲಿ ನೋಡಿ ಈರಣ್ಣನೇ ಕೈಮುಗಿದ.

ವಾಪಸಾದ ಭಾನುವಾರ ಸ್ಟರ್ಲಿಂಗ್ ಹೈಟ್ಸ್‌ನ ಹೊಸ ಮನೆಯೊಂದರಲ್ಲಿ ಸತ್ಯನಾರಾಯಣ ಪೂಜೆ. ಈರಣ್ಣ ಮಾತು ಉಳಿಸಿಕೊಂಡಿದ್ದ. ಒಬ್ಬರಿಗೂ ಏನೂ ಗೊತ್ತಿರಲಿಲ್ಲ. ಕಥೆ ಓದಿದೆ, ಮಂಗಳಾರತಿ ಎತ್ತಿದೆ, ಎಲ್ಲರಿಗೂ ತೀರ್ಥ ಕೊಟ್ಟೆ. ಕೊನೆಗೆ ನನ್ನ ಅಂಗೈಗೂ ಒಂದು ಉದ್ಧರಣೆ ಬಿಟ್ಟುಕೊಂಡೆ. ಅಂಗೈಯನ್ನು ಮೆಲ್ಲಗೆ ತಿರುಗಿಸಿದೆ. ಮೂಗಿನ ಹತ್ತಿರ ತಂದು ದೀರ್ಘವಾಗಿ ಎಳೆದುಕೊಂಡೆ. ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮುಕ್ಕಳಿಸಿ, ಪಕ್ಕದಲ್ಲಿದ್ದ ಬೆಳ್ಳಿಯ ಚೊಂಬನ್ನು ಹತ್ತಿರಕ್ಕೆ ಎಳೆದುಕೊಂಡೆ.

ಕಣ್ಣು ಬಿಟ್ಟರೆ ಯಜಮಾನರ ತಾಯಿ ಗಾಬರಿಯಿಂದ ಕೇಳುತ್ತಿದ್ದಾರೆ, "ಯಾಕ್ರೀ ಭಟ್ರೆ, ತೀರ್ಥ ಕೆಟ್ಟಿದ್ಯಾ?"

ಗಟಕ್ಕನೆ ನುಂಗಿದೆ. ಪ್ರಸಾದಕ್ಕೆ ಹೂವು ಬಿಡಿಸುತ್ತಿದ್ದ ಶೈಲಾ ತಲೆಯೆತ್ತದೆ, "ಪಚ್ಚಕರ್ಪೂರ ಒಂಚೂರು ಮುಂದಾಗಿದೆ, ಅಷ್ಟೇ. ಇವರ ಮೂಗು ಈಗ ಬಹಳ ಸೂಕ್ಷ್ಮ, ಫ್ರಾನ್ಸಿಗೆ ಹೋಗಿದ್ವಲ್ಲ," ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಮನೆಗೆ ಮನೆಯೇ ನಕ್ಕಿತು.

ಈರಣ್ಣನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಬೇಸ್‌ಮೆಂಟಿನಿಂದ ತೆಗೆದ ಆ ಬೆಡ್‌ಶೀಟನ್ನು ಒಗೆದು ನನಗೆ ಕಳಿಸುತ್ತಾನಂತೆ. ಮುಂದಿನ ಪೂಜೆಗೆ ಮುಸುಕು ಹಾಕಿಕೊಂಡು ಹೋಗಲು ಬೇಕಲ್ಲ!